‘ದಿ ಡೌನ್‌ವರ್ಡ್ ಸ್ಪೈರಲ್’: ವಾಲ್ಯೂಮ್ ಮುಟ್ಟದೆ ಕೇಳಬೇಕಾದ 65 ನಿಮಿಷ

ಅಮೆರಿಕದ ರಾಕ್ ತಂಡ ನೈನ್ ಇಂಚ್ ನೇಲ್ಸ್‌ನ ಈ ಆಲ್ಬಮ್ ಹಾಕಿದವರಲ್ಲಿ ಹೆಚ್ಚಿನವರು ಎಡವುವುದು ಮೊದಲ ಅರ್ಧ ನಿಮಿಷದಲ್ಲೇ. ಮೊದಲ ಹಾಡು ‘ಮಿಸ್ಟರ್ ಸೆಲ್ಫ್ ಡಿಸ್ಟ್ರಕ್ಟ್’ ಶುರುವಾಗುವುದು ಯಾರನ್ನೋ ಬಡಿಯುವ ಸದ್ದಿನಿಂದ. ‘ಟಿಎಚ್‌ಎಕ್ಸ್ 1138’ ಸಿನಿಮಾದಿಂದ ಎತ್ತಿಕೊಂಡ ತುಣುಕು ಅದು. ಸಣ್ಣ ಸದ್ದು, ಸರಿಯಾಗಿ ಕಿವಿಗೆ ಬೀಳುವುದಿಲ್ಲ ಎಂದು ವಾಲ್ಯೂಮ್ ಏರಿಸುತ್ತೇವೆ. ಪೆಟ್ಟುಗಳ ನಡುವಿನ ಅಂತರ ಕಿರಿದಾಗುತ್ತ ಬಂದು ಇಡೀ ಹಾಡು ಒಮ್ಮೆಗೇ ಮೈಮೇಲೆ ಬೀಳುತ್ತದೆ. ಗಾಬರಿಯಲ್ಲಿ ಇಳಿಸುತ್ತೇವೆ. ನಡುವೆ ಎಲ್ಲವೂ ಅಡಗಿ ಪಿಸುದನಿ ಮಾತ್ರ ಉಳಿದಾಗ ಮತ್ತೆ ಏರಿಸುತ್ತೇವೆ, ಮತ್ತೆ ಪೆಟ್ಟು ತಿನ್ನುತ್ತೇವೆ. ‘ಬರೀ ಗದ್ದಲ’ ಎಂಬ ತೀರ್ಪು ಹುಟ್ಟುವುದು ಇಲ್ಲೇ.

ಇದಕ್ಕೆ ಸುಲಭದ ಪರಿಹಾರವಿದೆ. ಎರಡನೆಯ ಹಾಡು ‘ಪಿಗ್ಗಿ’ಯನ್ನು ಮೊದಲು ಒಂದು ನಿಮಿಷ ಹಾಕಿ. ಅದರಲ್ಲಿ ತಗ್ಗಿದ ದನಿಯ ಗಾಯನ, ನಿಧಾನದ ಬೇಸ್. ಆ ದನಿ ಎದುರಿಗೆ ಕೂತವರು ಮಾತಾಡಿದಷ್ಟು ಸ್ಪಷ್ಟವಾಗಿ ಕೇಳುವ ಮಟ್ಟಕ್ಕೆ ವಾಲ್ಯೂಮ್ ನಿಲ್ಲಿಸಿ. ಆಮೇಲೆ ಮೊದಲ ಹಾಡಿಗೆ ಹಿಂತಿರುಗಿ, ಕೊನೆಯವರೆಗೆ ಗುಂಡಿ ಮುಟ್ಟಬೇಡಿ. ಇಲ್ಲಿ ಜೋರು ಮತ್ತು ಮೆಲು ಎರಡನ್ನೂ ಅಳೆದು ಇಟ್ಟಿದ್ದಾರೆ. ಆ ಅಳತೆ ಕೆಟ್ಟರೆ ಉಳಿಯುವುದು ನಿಜಕ್ಕೂ ಗದ್ದಲವೇ.

ನೈನ್ ಇಂಚ್ ನೇಲ್ಸ್ ಎಂದರೆ ಆಗ ಮುಖ್ಯವಾಗಿ ಟ್ರೆಂಟ್ ರೆಜ್ನರ್ ಒಬ್ಬರೇ. 1989ರ ‘ಪ್ರಿಟಿ ಹೇಟ್ ಮಶೀನ್’ ಸಿಂಥ್ (ಸಿಂಥಸೈಸರ್ ಎಂಬ ವಿದ್ಯುನ್ಮಾನ ವಾದ್ಯ) ಹೆಚ್ಚಿದ್ದ ಆಲ್ಬಮ್, 1992ರ ‘ಬ್ರೋಕನ್’ ಗಿಟಾರಿನ ಗೋಡೆ. 1994ರ ಮಾರ್ಚ್ 8ರಂದು ಬಂದ ಈ ಮೂರನೆಯದು ಎರಡನ್ನೂ ಬೆಸೆದು, ಅವುಗಳ ನಡುವೆ ಖಾಲಿ ಜಾಗವನ್ನೂ ಬಿಟ್ಟಿತು. ರೆಜ್ನರ್ ಜೊತೆ ನಿರ್ಮಾಪಕರಾಗಿದ್ದವರು ಫ್ಲಡ್, ಮಿಕ್ಸ್‌ನ ಬಹುಪಾಲು ಅಲನ್ ಮೋಲ್ಡರ್ ಅವರದು. ಡೇವಿಡ್ ಬೋವಿಯ ‘ಲೋ’, ಪಿಂಕ್ ಫ್ಲಾಯ್ಡ್‌ನ ‘ದಿ ವಾಲ್’ ತನ್ನ ಮೇಲೆ ಪ್ರಭಾವ ಬೀರಿದವು ಎಂದು ರೆಜ್ನರ್ ಹೇಳಿಕೊಂಡಿದ್ದಾರೆ. ಕೇಳಿದರೆ ಗೊತ್ತಾಗುತ್ತದೆ: ಮೊದಲನೆಯದರಿಂದ ಮಾತಿಲ್ಲದ ಹರಹು, ಎರಡನೆಯದರಿಂದ ಒಬ್ಬನೇ ಮನುಷ್ಯ ಹಾಡಿನಿಂದ ಹಾಡಿಗೆ ಕುಸಿಯುವ ಕಥೆ. ಬಿಡುಗಡೆಯಾದಾಗ ಇದು ಅಮೆರಿಕದ ಬಿಲ್‌ಬೋರ್ಡ್ 200 ಪಟ್ಟಿಯಲ್ಲಿ ನೇರವಾಗಿ 2ನೇ ಸ್ಥಾನಕ್ಕೆ ಬಂತು. ಇಷ್ಟು ಕಹಿಯಾದ ಆಲ್ಬಮ್‌ಗೆ ಅದು ದೊಡ್ಡ ಮಾತು.

ರೆಕಾರ್ಡಿಂಗ್‌ನ ಒಂದು ಭಾಗ ನಡೆದದ್ದು ಲಾಸ್ ಏಂಜಲೀಸ್‌ನ ಸಿಯೆಲೋ ಡ್ರೈವ್ ಮನೆಯಲ್ಲಿ, ಅಂದರೆ 1969ರಲ್ಲಿ ನಟಿ ಶರೋನ್ ಟೇಟ್ ಕೊಲೆಯಾದ ಮನೆಯಲ್ಲಿ. ಈ ಆಲ್ಬಮ್ ಬಗೆಗಿನ ಮಾತುಕತೆ ಅರ್ಧಕ್ಕರ್ಧ ಆ ಮನೆಯ ಸುತ್ತಲೇ ಸುತ್ತುತ್ತದೆ. ಕೇಳುವವರಿಗೆ ಅದರಿಂದ ಏನೂ ಸಿಗದು. ಸಿಗುವುದು ಆ ಮನೆಯೊಳಗೆ ಕೂಡಿಟ್ಟಿದ್ದ ಯಂತ್ರಗಳಿಂದ: ಮ್ಯಾಕಿಂತೋಷ್ ಕಂಪ್ಯೂಟರ್, ಪ್ರೊ ಟೂಲ್ಸ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್, ಸದ್ದಿನ ತುಣುಕು ಹಿಡಿದಿಟ್ಟು ನುಡಿಸುವ ಅಕಾಯ್ ಸ್ಯಾಂಪ್ಲರ್‌ಗಳು, ಹಳೆಯ ಅನಲಾಗ್ ಸಿಂಥ್‌ಗಳು.

ಗಿಟಾರ್ ಇಲ್ಲಿ ಗಿಟಾರಿನಂತೆ ಕೇಳುವುದು ಅಪರೂಪ, ಅದಕ್ಕೆ ಕಾರಣವೂ ಇದೆ. ಆಂಪ್ಲಿಫೈಯರ್ ಮುಂದೆ ಮೈಕ್ ಇಟ್ಟು ರೆಕಾರ್ಡ್ ಮಾಡಿದರೆ ಕೋಣೆಯ ಗಾಳಿಯೂ ಸದ್ದಿನೊಳಗೆ ಸೇರುತ್ತದೆ. ಗಿಟಾರನ್ನು ಡಿಜಿಟಲ್ ಎಫೆಕ್ಟ್ ಪೆಟ್ಟಿಗೆಯ ಮೂಲಕ ನೇರ ಕಂಪ್ಯೂಟರಿಗೆ ಕೊಟ್ಟು, ಆಮೇಲೆ ಟರ್ಬೋಸಿಂಥ್‌ನಂಥ ಸಾಫ್ಟ್‌ವೇರಿನಲ್ಲಿ ಮತ್ತೆ ಅರೆದರೆ ಆ ಗಾಳಿ ಇರುವುದಿಲ್ಲ. ತಗಡಿನ ಅಂಚಿನಂಥ ಒಣ, ಹತ್ತಿರದ, ಚೂಪಾದ ಸದ್ದು ಬರುತ್ತದೆ. ‘ಮಿಸ್ಟರ್ ಸೆಲ್ಫ್ ಡಿಸ್ಟ್ರಕ್ಟ್’ ಮತ್ತು ‘ದಿ ಬಿಕಮಿಂಗ್’ನಲ್ಲಿ ಗಿಟಾರ್ ವಾದಕ ಏಡ್ರಿಯನ್ ಬೆಲ್ಯೂ ನುಡಿಸಿದ್ದಾರೆ. ಡ್ರಮ್ ಹೆಚ್ಚಿನ ಕಡೆ ಪ್ರೋಗ್ರಾಮ್ ಮಾಡಿದ್ದು ಅಥವಾ ಲೂಪ್. ಹಾಗಾಗಿ ‘ಪಿಗ್ಗಿ’ಯ ಕೊನೆಯಲ್ಲಿ ಲೆಕ್ಕ ತಪ್ಪಿದಂತೆ ಉರುಳುವ ನಿಜವಾದ ಡ್ರಮ್ ಬಂದಾಗ ಬೆಚ್ಚುವಂತಾಗುತ್ತದೆ. ಅದನ್ನು ಬಾರಿಸಿದವರು ರೆಜ್ನರ್ ಅವರೇ, ಮೈಕ್ ಪರೀಕ್ಷಿಸುವಾಗ. ಪಳಗಿದ ಡ್ರಮ್ಮರ್ ಆಗಿದ್ದರೆ ತಾಳ ಹಿಡಿದುಬಿಡುತ್ತಿದ್ದರು. ಆ ಹಾಡಿಗೆ ಬೇಕಾಗಿದ್ದದ್ದು ತಾಳ ಜಾರುವುದೇ.

‘ಮಾರ್ಚ್ ಆಫ್ ದಿ ಪಿಗ್ಸ್’ ಕೇಳಿ ‘ಲಯ ಎಲ್ಲೋ ಕಡಿದುಹೋಗುತ್ತದೆ’ ಎನ್ನುವವರಿದ್ದಾರೆ. ಕಡಿದಿಲ್ಲ. ಏಳರ ಮೂರು ಸುತ್ತು, ಆಮೇಲೆ ಎಂಟರದೊಂದು; ಒಟ್ಟು 29. ಮಿಶ್ರ ಚಾಪು ಎಣಿಸಿ ಅಭ್ಯಾಸವಿರುವ ಕರ್ನಾಟಕ ಸಂಗೀತದ ಕೇಳುಗರಿಗೆ ಏಳು ಹೊಸದೇನಲ್ಲ. ಇಲ್ಲಿ ಒಳಗಿನ ವಿಭಾಗ ತಕಿಟ–ತಕಧಿಮಿ ಎಂದೇ ಬರಬೇಕೆಂದಿಲ್ಲ, ಏಳನ್ನು ಹಿಡಿದರೆ ಸಾಕು. ಕಷ್ಟ ಇರುವುದು ವೇಗದಲ್ಲಿ, ನಿಮಿಷಕ್ಕೆ 269 ಬೀಟ್. ಬೆರಳು ಮಡಿಸಿ ಎಣಿಸಲು ಆಗದು, ಸುತ್ತು ತಿರುಗುವ ಜಾಗದಲ್ಲಿ ಮಾತ್ರ ತಟ್ಟಿ. ನಾಲ್ಕನೇ ಸುತ್ತಿನಲ್ಲಿ ಬರುವ ಆ ಒಂದು ಹೆಚ್ಚಿನ ಎಣಿಕೆಯೇ ಹಾಡನ್ನು ಪ್ರತಿ ಸಲ ಮುಂದಕ್ಕೆ ನೂಕುವುದು. ಇಷ್ಟು ಓಡಿ ಬಂದ ಹಾಡು ಥಟ್ಟನೆ ನಿಂತು, ಬರೀ ಪಿಯಾನೋ ಜೊತೆ ಮೃದುವಾಗಿ ಹಾಡಲು ತೊಡಗುವ ಗಳಿಗೆ ಈ ಆಲ್ಬಮ್‌ನ ಅತ್ಯುತ್ತಮ ಜಾಗಗಳಲ್ಲೊಂದು. ಮೂರು ನಿಮಿಷವೂ ತುಂಬದ ಹಾಡಿನಲ್ಲಿ ಇಷ್ಟೆಲ್ಲ ಇದೆ.

‘ಕ್ಲೋಸರ್’ ಗೊತ್ತಿಲ್ಲದವರು ಕಡಿಮೆ. ಆದರೆ ಅದರ ಪಲ್ಲವಿಯ ಬಿರುಸಿನ ಮಾತಿಗಷ್ಟೇ ಅದನ್ನು ನೆನಪಿಟ್ಟುಕೊಂಡವರು ಕೊನೆಯ ಎರಡು ನಿಮಿಷವನ್ನು ಕೇಳಿಯೇ ಇಲ್ಲ ಎನ್ನಬೇಕು. ಬುಡದಲ್ಲಿರುವ ಕಿಕ್ ಡ್ರಮ್ ಇಗ್ಗಿ ಪಾಪ್‌ನ ‘ನೈಟ್‌ಕ್ಲಬಿಂಗ್’ ಹಾಡಿನದು, ಗುರುತು ಸಿಗದಷ್ಟು ಬದಲಾಯಿಸಿದ್ದು. ಅದರ ಮೇಲೆ ಬೇಸ್, ಸಿಂಥ್, ಗಿಟಾರ್ ಒಂದೊಂದಾಗಿ ಪದರ ಪದರವಾಗಿ ಕೂರುತ್ತವೆ. ಮೊದಲು ಬಂದದ್ದು ಹೋಗುವುದಿಲ್ಲ, ಹೊಸದು ಸೇರುತ್ತಲೇ ಇರುತ್ತದೆ. ಕೊನೆಗೆ ಎಲ್ಲ ಕಳಚಿ ಬಿದ್ದು ಮೆಟ್ಟಿಲಿಳಿಯುವಂಥ ಒಂದು ಪಿಯಾನೋ ಸಾಲು ಉಳಿಯುತ್ತದೆ. ಆ ಸಾಲನ್ನು ನೆನಪಿಟ್ಟುಕೊಳ್ಳಿ. ‘ಪಿಗ್ಗಿ’ಯಲ್ಲೇ ಹಿನ್ನೆಲೆಯಲ್ಲಿ ಸುಳಿದುಹೋಗಿದ್ದ ಅದು ಹದಿಮೂರನೆಯ ಹಾಡಾದ ‘ದಿ ಡೌನ್‌ವರ್ಡ್ ಸ್ಪೈರಲ್’ನಲ್ಲಿ ಗಿಟಾರಿನ ಮೇಲೆ ಮತ್ತೆ ಬರುತ್ತದೆ. ಹಾಡುಗಳನ್ನು ಶಫಲ್ ಮಾಡಿ ಕೇಳುವವರಿಗೆ ಈ ಮೂರು ಜಾಗಗಳ ನಂಟು ಎಂದಿಗೂ ಸಿಗದು. ಹೆಸರಿನಲ್ಲಿರುವ ‘ಕೆಳಗಿಳಿಯುವ ಸುರುಳಿ’ ಸ್ವರಗಳಲ್ಲೇ ಇದೆ.

ಎರಡನೆಯ ಅರ್ಧ ಎಳೆಯುತ್ತದೆ ಎಂಬ ದೂರು ಹಳೆಯದು. ಅದರಲ್ಲಿ ಸ್ವಲ್ಪ ನಿಜವಿದೆ. ‘ಬಿಗ್ ಮ್ಯಾನ್ ವಿತ್ ಎ ಗನ್’ ಒಂದೂವರೆ ನಿಮಿಷದ ತೆಳು ಹಾಡು. ಗಂಡಸುತನದ ಅಬ್ಬರವನ್ನು ತೋರಿಸಲು ಹೊರಟು ತಾನೇ ಅಬ್ಬರವಾಗಿ ಮುಗಿಯುತ್ತದೆ. ಮೊದಲ ಅರ್ಧದಲ್ಲೇ ಬರುವ ‘ರೂಯಿನರ್’ ಕೂಡ ಎರಡು ಬೇರೆ ಹಾಡುಗಳಿಗೆ ಹೊಲಿಗೆ ಹಾಕಿದಂತೆ ಕೇಳಿಸುತ್ತದೆ, ಹೊಲಿಗೆ ಕಾಣುತ್ತದೆ. ಆದರೆ ‘ಎ ವಾರ್ಮ್ ಪ್ಲೇಸ್’ ಅನ್ನು ದಾಟಿಸಿ ಮುಂದೆ ಹೋಗುವವರ ಬಗ್ಗೆ ನನ್ನ ತಕರಾರಿದೆ. ಮಾತಿಲ್ಲದ, ತಾಳವಿಲ್ಲದ ಮೂರು ಚಿಲ್ಲರೆ ನಿಮಿಷ ಅದು. ಹಿಂದಿನ ಹಾಡಿನ ಗದ್ದಲದ ಕೆಳಗಿನಿಂದಲೇ ಅದು ಮೇಲೆದ್ದು ಬರುತ್ತದೆ. ಇಡೀ ಆಲ್ಬಮ್‌ನಲ್ಲಿ ಉಸಿರು ಬಿಡಲು ಸಿಗುವ ಜಾಗ ಅದೊಂದೇ. ಅದನ್ನು ಬಿಟ್ಟರೆ ಮುಂದಿನ ‘ಇರೇಸರ್’ನ ಕಿರುಚಾಟಕ್ಕೂ ಏಳು ನಿಮಿಷದ ‘ರೆಪ್ಟೈಲ್’ಗೂ ಕಿವಿ ದಣಿದಿರುತ್ತದೆ. ‘ರೆಪ್ಟೈಲ್’ನಲ್ಲಿ ಕಾರ್ಖಾನೆಯ ಯಂತ್ರ ಉಸಿರಾಡುವಂಥ ಸದ್ದೇ ತಾಳ. ಯಂತ್ರದ ಸದ್ದನ್ನೇ ಸಂಗೀತವಾಗಿಸುವ ಇಂಡಸ್ಟ್ರಿಯಲ್ ಎಂಬ ಪ್ರಕಾರದ ಹೆಸರಿಗೆ ಈ ಆಲ್ಬಮ್‌ನಲ್ಲಿ ಎಲ್ಲಕ್ಕಿಂತ ಹತ್ತಿರದ ಹಾಡು ಅದು.

ಸಾಹಿತ್ಯದ ಬಗ್ಗೆ ಮುಚ್ಚಿಡದೆ ಹೇಳಬೇಕು. ಬೈಗುಳ, ಲೈಂಗಿಕ ಹಿಂಸೆಯ ಮಾತು, ದೇವರ ನಿಂದನೆ ಇವೆ. ಕಥೆ ಹೋಗಿ ನಿಲ್ಲುವುದು ಆತ್ಮಹತ್ಯೆಯ ಅಂಚಿನಲ್ಲಿ. ಮನಸ್ಸು ಕುಗ್ಗಿರುವ ದಿನಗಳಲ್ಲಿ, ಒಬ್ಬರೇ ಇರುವ ರಾತ್ರಿಯಲ್ಲಿ ಇದನ್ನು ಹಾಕಬೇಡಿ. ಯೋಚನೆ ಆ ಕಡೆ ಹೊರಳುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಯಾವ ಆವೃತ್ತಿ ಕೊಳ್ಳಬೇಕು? ಹಳೆಯ ಸಿಡಿ ಸಿಕ್ಕರೆ 1994ರದೇ ಸಾಕು, ಏರಿಳಿತ ಅದರಲ್ಲಿ ಚೆನ್ನಾಗಿ ಉಳಿದಿದೆ. 2004ರ ಡೀಲಕ್ಸ್ ಆವೃತ್ತಿ ಎರಡು ಡಿಸ್ಕಿನದು. ಎರಡನೆಯದರಲ್ಲಿ ರೀಮಿಕ್ಸ್, ಬಿ-ಸೈಡ್ ಮತ್ತು ಡೆಮೊಗಳಿವೆ. ಅದು ಹೈಬ್ರಿಡ್ ಎಸ್‌ಎಸಿಡಿ (ಸೂಪರ್ ಆಡಿಯೊ ಸಿಡಿಯ ಜೊತೆ ಮಾಮೂಲಿ ಸಿಡಿ ಪದರವೂ ಇರುವ ಡಿಸ್ಕ್) ಆದ್ದರಿಂದ ಸಾಮಾನ್ಯ ಸಿಡಿ ಪ್ಲೇಯರಿನಲ್ಲೂ ಓಡುತ್ತದೆ, 5.1 ಸರೌಂಡ್ ಬೇಕಿದ್ದರೆ ಮಾತ್ರ ಎಸ್‌ಎಸಿಡಿ ಪ್ಲೇಯರ್ ಬೇಕು. ಅದೇ ವರ್ಷದ ಡ್ಯುಯಲ್‌ಡಿಸ್ಕ್ ಕೊಳ್ಳುವ ಮುನ್ನ ಯೋಚಿಸಿ. ಒಂದು ಮಗ್ಗುಲು ಸಿಡಿ, ಇನ್ನೊಂದು ಡಿವಿಡಿ ಆಗಿರುವುದರಿಂದ ಡಿಸ್ಕ್ ಮಾಮೂಲಿಗಿಂತ ದಪ್ಪ, ಸಿಡಿ ಪದರ ತೆಳು. ಕಾರಿನಲ್ಲಿರುವ, ಡಿಸ್ಕ್ ಒಳಗೆಳೆದುಕೊಳ್ಳುವ ಪ್ಲೇಯರ್‌ಗಳಲ್ಲಿ ಇಂಥ ಡಿಸ್ಕ್ ಸಿಕ್ಕಿಕೊಳ್ಳುವುದುಂಟು, ಕೆಲವು ಪ್ಲೇಯರ್‌ಗಳು ಓದುವುದೇ ಇಲ್ಲ. ವಿನೈಲ್‌ನಲ್ಲಿ ನಾಲ್ಕು ಮಗ್ಗುಲಾಗುತ್ತದೆ. ಸದ್ದು ಚೆಂದ, ಆದರೆ ಮೂರು ಸಲ ಎದ್ದು ಹೋಗಬೇಕು. ಇಂಥ ಆಲ್ಬಮ್‌ಗೆ ಅದು ಸಣ್ಣ ನಷ್ಟವಲ್ಲ.

ಫೋನಿನಲ್ಲಿ ಕೇಳುವವರು ಆ್ಯಪ್‌ನಲ್ಲಿ ಕ್ರಾಸ್‌ಫೇಡ್ (ಒಂದು ಹಾಡಿನ ಕೊನೆಯನ್ನು ಮುಂದಿನದರ ಶುರುವಿನೊಂದಿಗೆ ಬೆರೆಸುವುದು) ಸೊನ್ನೆಗಿಳಿಸಿ, ಗ್ಯಾಪ್‌ಲೆಸ್ (ಹಾಡುಗಳ ನಡುವೆ ಬಿಡುವಿಲ್ಲದೆ ನುಡಿಸುವುದು) ಆನ್ ಮಾಡಿ. ಸದ್ದಿನ ಮಟ್ಟವನ್ನು ತಾನಾಗಿ ಸಮ ಮಾಡುವ ವಾಲ್ಯೂಮ್ ನಾರ್ಮಲೈಸೇಷನ್ ಹಾಡು ಹಾಡಿಗೂ ಕೆಲಸ ಮಾಡುವಂತಿದ್ದರೆ ‘ಎ ವಾರ್ಮ್ ಪ್ಲೇಸ್’ ಅನ್ನು ಎತ್ತಿ ‘ರೆಪ್ಟೈಲ್’ನ ಸಮಕ್ಕೆ ತರುತ್ತದೆ; ಆಲ್ಬಮ್ ಮಟ್ಟದ್ದು ಇಡಿ, ಇಲ್ಲವೇ ಆಫ್ ಮಾಡಿ. ಸ್ಟ್ರೀಮಿಂಗ್ ಗುಣಮಟ್ಟವನ್ನು ಇರುವ ಅತಿ ಹೆಚ್ಚಿನದಕ್ಕೆ ಏರಿಸಿ. ರಾಗವಿರುವ ಸರಳ ಸದ್ದನ್ನು ಕಡಿಮೆ ಡೇಟಾದಲ್ಲಿ ಅಡಗಿಸಬಹುದು. ಡಿಸ್ಟಾರ್ಷನ್, ಹಿಸ್, ಸ್ಟ್ಯಾಟಿಕ್ ಎಲ್ಲ ಆವರ್ತನಗಳಲ್ಲೂ ಒಟ್ಟಿಗೆ ಹರಡಿರುವುದರಿಂದ ಅಡಗಿಸಲು ಬಲು ಕಷ್ಟ. 128 ಕೆಬಿಪಿಎಸ್‌ನಲ್ಲಿ ‘ಹೆರೆಸಿ’ಯ ಗಿಟಾರ್ ನೀರಿನೊಳಗೆ ಗುಳುಗುಳು ಎಂದಂತೆ ಕೇಳುತ್ತದೆ, ಆ ತಪ್ಪು ರೆಕಾರ್ಡಿಂಗ್‌ನದಲ್ಲ. ಬೇಸ್ ಬೂಸ್ಟ್ ತೆಗೆಯಿರಿ. ಅದು ‘ಕ್ಲೋಸರ್’ ಒಂದಕ್ಕೆ ಹಿತವಾಗಿ, ಉಳಿದ ಹಾಡುಗಳ ನಡುಪದರವನ್ನೆಲ್ಲ ಮುಚ್ಚಿಹಾಕುತ್ತದೆ. ಒಂದೇ ಸ್ಪೀಕರಿನ ಬ್ಲೂಟೂತ್ ಡಬ್ಬ ಬೇಡವೇ ಬೇಡ, ಎಡಬಲಕ್ಕೆ ಹಂಚಿಟ್ಟ ಸದ್ದೆಲ್ಲ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತದೆ. ಓಡುವ ಕಾರೂ ಬೇಡ, ಟೈರಿನ ಸದ್ದು ಮೆಲು ಭಾಗಗಳನ್ನು ನುಂಗಿಬಿಡುತ್ತದೆ.

ಆ ಮೆಲು ಭಾಗಗಳಲ್ಲಿ ಕೊನೆಯದು ‘ಹರ್ಟ್’. ಜಾನಿ ಕ್ಯಾಶ್ 2002ರಲ್ಲಿ ಹಾಡಿದ ಮೇಲೆ ಹಲವರಿಗೆ ಇದು ಅವರದೇ ಹಾಡು. ಮೂಲಕ್ಕಿಂತ ಅದೇ ಮೇಲು ಎಂಬ ಮಾತನ್ನು ನಾನು ಒಪ್ಪಲಾರೆ, ಎರಡೂ ಬೇರೆ ಕೆಲಸ ಮಾಡುತ್ತವೆ. ಕ್ಯಾಶ್ ಹಾಡಿನಲ್ಲಿ ಮುದುಕನೊಬ್ಬ ಹಿಂತಿರುಗಿ ನೋಡುತ್ತಾನೆ, ಸ್ವರಗಳು ನೆಟ್ಟಗಿವೆ. ಇಲ್ಲಿ ಗಿಟಾರ್ ಸಾಲಿನೊಳಗೆ ಒಂದು ಸ್ವರ ಮೂಲ ಸ್ವರಕ್ಕೆ ಕಚ್ಚುತ್ತದೆ; ಷಡ್ಜದೆದುರು ಪ್ರತಿಮಧ್ಯಮವನ್ನು ಹಿಡಿದು ನಿಲ್ಲಿಸಿದಂತೆ. ಸಮಾಧಾನ ಸಿಗಬೇಕಾದ ಕಡೆ ಸಿಗುವುದಿಲ್ಲ. ಹಿಂದೆ ಗಾಳಿ ಬೀಸಿದಂಥ ಸದ್ದು. ಕೊನೆಯ ಪದ ಮುಗಿದ ಕ್ಷಣಕ್ಕೆ ದೊಡ್ಡದೊಂದು ಡಿಸ್ಟಾರ್ಷನ್ ಸ್ವರಮೇಳ ಅಪ್ಪಳಿಸಿ, ಕರಗಲು ಬಹಳ ಹೊತ್ತು ತೆಗೆದುಕೊಳ್ಳುತ್ತದೆ. ಶುರುವಿನಲ್ಲಿ ‘ಪಿಗ್ಗಿ’ಯ ದನಿಗೆ ವಾಲ್ಯೂಮ್ ಇಟ್ಟಿದ್ದವರಿಗೆ ಆ ಸ್ವರಮೇಳ ಕಿವಿ ನೋಯಿಸುವುದಿಲ್ಲ, ಎದೆಗೆ ತಟ್ಟುತ್ತದೆ. ಅದು ಪೂರ್ತಿ ಅಡಗುವವರೆಗೆ ಇಯರ್‌ಫೋನ್ ತೆಗೆಯಬೇಡಿ.