ಅಂಕ ಇದ್ದರೆ ಸಾಲದು: ಕೆನಡಾ, ಆಸ್ಟ್ರೇಲಿಯಾ, ಜರ್ಮನಿ ವೀಸಾಗಳ ಹೋಲಿಕೆ

ನುರಿತ ಕೆಲಸಗಾರರು ಬೇಕು ಎಂದು ಮೂರೂ ಸರ್ಕಾರಗಳು ಜಾಹೀರಾತು ಕೊಡುತ್ತವೆ. ಕೆನಡಾ ಕರೆಯುವುದು ಎಕ್ಸ್‌ಪ್ರೆಸ್ ಎಂಟ್ರಿ ಮೂಲಕ, ಆಸ್ಟ್ರೇಲಿಯಾ 189, 190, 491 ಎಂಬ ಮೂರು ವೀಸಾಗಳ ಮೂಲಕ, ಜರ್ಮನಿ ಬ್ಲೂ ಕಾರ್ಡ್ ಮತ್ತು ಚಾನ್ಸೆನ್‌ಕಾರ್ಟೆ ಮೂಲಕ. ಅಮೆರಿಕ, ಬ್ರಿಟನ್ ಇಲ್ಲಿಲ್ಲ. ಅಮೆರಿಕದ ಎಚ್‌-1ಬಿ ಲಾಟರಿ. ಅದೃಷ್ಟವನ್ನು ಹೋಲಿಸಿ ಪ್ರಯೋಜನವಿಲ್ಲ. ಬ್ರಿಟನ್ 2025ರ ಜುಲೈ 22ರಿಂದ ಸ್ಕಿಲ್ಡ್ ವರ್ಕರ್ ವೀಸಾದ ಸಾಮಾನ್ಯ ಸಂಬಳದ ಮಿತಿಯನ್ನು 41,700 ಪೌಂಡಿಗೆ ಏರಿಸಿದೆ, ಅದರ ಮೇಲೆ ವರ್ಷಕ್ಕೆ 1,035 ಪೌಂಡ್ ಆರೋಗ್ಯ ಶುಲ್ಕವನ್ನು ಮುಂಗಡವಾಗಿಯೇ ಕಟ್ಟಬೇಕು. ಕಂಪನಿಯೇ ಕರೆದು ಖರ್ಚು ಹೊತ್ತರೆ ಸರಿ, ಇಲ್ಲದಿದ್ದರೆ ಬಿಡಿ.

ಮೂರು ದೇಶಗಳ ನಡುವಿನ ನಿಜವಾದ ವ್ಯತ್ಯಾಸ ಶುಲ್ಕದಲ್ಲೂ ಇಲ್ಲ, ಹವಾಮಾನದಲ್ಲೂ ಇಲ್ಲ. ಎಸ್ಸೆಸ್ಸೆಲ್ಸಿ ಪಾಸಿಗೂ ಸಿಇಟಿ ರ‍್ಯಾಂಕಿಗೂ ಇರುವ ವ್ಯತ್ಯಾಸ ಅದು. ಜರ್ಮನಿಯಲ್ಲಿ ಗೆರೆ ದಾಟಿದರೆ ದಾಟಿದಂತೆ, ಪಕ್ಕದವನ ಅಂಕ ನಿಮಗೆ ಸಂಬಂಧವಿಲ್ಲ. ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಕನಿಷ್ಠ ಅಂಕ ಸಾಲಿನಲ್ಲಿ ನಿಲ್ಲಲು ಮಾತ್ರ. ಕರೆ ಯಾರಿಗೆ ಬರುತ್ತದೆ ಎಂಬುದು ಆ ದಿನ ಸಾಲಿನಲ್ಲಿ ಇನ್ನಾರಿದ್ದಾರೆ, ಸರ್ಕಾರಕ್ಕೆ ಆ ತಿಂಗಳು ಯಾವ ಉದ್ಯೋಗದವರು ಬೇಕು ಎನ್ನುವುದರ ಮೇಲೆ ನಿಂತಿದೆ. ಬಹುಪಾಲು ಜನ ಕನಿಷ್ಠ ಅಂಕ ನೋಡಿ ಖುಷಿಪಟ್ಟು ದುಡ್ಡು ಕಟ್ಟುತ್ತಾರೆ. ಏಜೆಂಟರೂ ಅದನ್ನೇ ತೋರಿಸುತ್ತಾರೆ.

ಒಬ್ಬನೇ ಅಭ್ಯರ್ಥಿಯನ್ನು ಮೂರೂ ಕಡೆ ಹಾಯಿಸಿ ನೋಡೋಣ. ವಯಸ್ಸು 33, ಅವಿವಾಹಿತ, ವಿಟಿಯು ಬಿ.ಇ. ಕಂಪ್ಯೂಟರ್ ಸೈನ್ಸ್, ಬೆಂಗಳೂರಿನಲ್ಲಿ 8 ವರ್ಷ ಸಾಫ್ಟ್‌ವೇರ್ ಕೆಲಸ. ಐಇಎಲ್‌ಟಿಎಸ್ ಜನರಲ್ ಪರೀಕ್ಷೆಯಲ್ಲಿ ಕೇಳುವುದಕ್ಕೆ 8, ಓದು, ಬರಹ, ಮಾತಿಗೆ ತಲಾ 7.

ಕೆನಡಾ

ಎಕ್ಸ್‌ಪ್ರೆಸ್ ಎಂಟ್ರಿಯ ಸಾಲಿಗೆ ಸೇರಲು ಫೆಡರಲ್ ಸ್ಕಿಲ್ಡ್ ವರ್ಕರ್ ಎಂಬ ವರ್ಗದಲ್ಲಿ 100ಕ್ಕೆ 67 ಬೇಕು, ಈತನಿಗೆ 72 ಬರುತ್ತದೆ. ಇಲ್ಲಿಗೆ ಸಾಲಿನೊಳಗೆ ಬಂದಂತಾಯಿತು. ಆಮೇಲಿನದು ಸಾಲಿನಲ್ಲಿ ಯಾರು ಮುಂದೆ ಎಂದು ತೀರ್ಮಾನಿಸುವ 1,200 ಅಂಕಗಳ ಸಿಆರ್‌ಎಸ್ ಲೆಕ್ಕ. 33ರ ವಯಸ್ಸಿಗೆ 88, ಪದವಿಗೆ 120, ಇಂಗ್ಲಿಷಿಗೆ 124, ಪದವಿ ಮತ್ತು ಇಂಗ್ಲಿಷಿನ ಜೋಡಿಗೆ 25, ಅನುಭವ ಮತ್ತು ಇಂಗ್ಲಿಷಿನ ಜೋಡಿಗೆ 50. ಒಟ್ಟು 407. ಕೆನಡಾದಲ್ಲೇ ಕೆಲಸ ಮಾಡುತ್ತಿರುವವರನ್ನು ಕರೆಯುವ ಸುತ್ತುಗಳಲ್ಲಿ ಕರೆ ಬಂದವರ ಕನಿಷ್ಠ ಅಂಕವೇ 2025ರಲ್ಲಿ 500ರ ಮೇಲೆ ನಿಂತಿತು. ಅಂದರೆ 407 ಇಟ್ಟುಕೊಂಡು ಕಾಯುವುದು ಬರೀ ಕಾಯುವುದು.

ವಯಸ್ಸಿನ ಅಂಕ 29 ದಾಟಿದ ಮೇಲೆ ವರ್ಷಕ್ಕೆ ಐದಾರರಂತೆ, 40 ದಾಟಿದ ಮೇಲೆ ಇನ್ನೂ ವೇಗವಾಗಿ ಕರಗುತ್ತದೆ, 45ಕ್ಕೆ ಸೊನ್ನೆ. ಇನ್ನೆರಡು ವರ್ಷ ಅನುಭವ ಸೇರಲಿ ಎಂದು ಕಾದರೆ ಇಲ್ಲಿ ನಷ್ಟವೇ. ಹೊರದೇಶದ ಅನುಭವ 3 ವರ್ಷ ದಾಟಿದ ಮೇಲೆ ಅಂಕ ಏರುವುದಿಲ್ಲ, ವಯಸ್ಸಿನದು ಮಾತ್ರ ಇಳಿಯುತ್ತದೆ. ಇಂಗ್ಲಿಷಿನ ಒಂದು ವಿಭಾಗದಲ್ಲಿ 7ರ ಬದಲು 6.5 ಬಂದರೂ ಪೆಟ್ಟು ದೊಡ್ಡದು. ಆ ವಿಭಾಗದ ಅಂಕದ ಜತೆಗೆ ಎರಡೂ ಜೋಡಿ ಅಂಕಗಳು ಅರ್ಧಕ್ಕೆ ಕುಸಿಯುತ್ತವೆ.

ಕೆಲಸದ ಆಫರ್ ತಂದರೆ ಸಿಗುತ್ತಿದ್ದ 50 ಅಥವಾ 200 ಅಂಕವನ್ನು 2025ರ ಮಾರ್ಚ್ 25ರಂದು ತೆಗೆದುಹಾಕಲಾಯಿತು. ಆಫರ್ ಲೆಟರ್ ಮಾರುವ ದಂಧೆ ಅಷ್ಟು ಬೆಳೆದಿತ್ತು. ಅದೇ ವರ್ಷದ ಫೆಬ್ರುವರಿಯಲ್ಲಿ, ಉದ್ಯೋಗ ನೋಡಿ ಕರೆಯುವ ಸುತ್ತುಗಳ ವಿಜ್ಞಾನ-ತಂತ್ರಜ್ಞಾನ ವರ್ಗದ ಪಟ್ಟಿ ಪರಿಷ್ಕರಿಸಿದಾಗ ಸಾಫ್ಟ್‌ವೇರ್ ಎಂಜಿನಿಯರುಗಳನ್ನು ಕೈಬಿಟ್ಟು ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್‌ನವರನ್ನು ಇಟ್ಟುಕೊಂಡರು. ಈಗಲೂ "ಐಟಿ ಅಂದ್ರೆ ಕೆನಡಾ ಪಕ್ಕಾ ಸರ್" ಎನ್ನುವ ಏಜೆಂಟ್ ಹಳೇ ಕಾಗದ ಓದುತ್ತಿದ್ದಾನೆ ಎಂದರ್ಥ.

ಉಳಿದ ಬಾಗಿಲು ಎರಡು. ಪ್ರಾಂತ್ಯವೊಂದು ನಾಮನಿರ್ದೇಶನ ಮಾಡಿದರೆ ಒಮ್ಮೆಗೇ 600 ಅಂಕ. ಇನ್ನೊಂದು ಫ್ರೆಂಚ್. ಟಿಇಎಫ್ ಕೆನಡಾ ಅಥವಾ ಟಿಸಿಎಫ್ ಕೆನಡಾ ಪರೀಕ್ಷೆಯ ನಾಲ್ಕೂ ವಿಭಾಗಗಳಲ್ಲಿ 7ನೇ ಮಟ್ಟ ಮುಟ್ಟಿದರೆ ಎರಡನೇ ಭಾಷೆಗೆ 12, ಬೋನಸ್ 50 ಸೇರಿ ನಮ್ಮ ಅಭ್ಯರ್ಥಿಯ 407 ಏರಿ 469 ಆಗುತ್ತದೆ. 2025ರ ಫ್ರೆಂಚ್ ಸುತ್ತುಗಳಲ್ಲಿ ಬಹುಪಾಲಿಗೆ ಅಷ್ಟು ಸಾಕಿತ್ತು. ಎಂ.ಟೆಕ್‌ಗಾಗಿ ಎರಡು ವರ್ಷ ಕಳೆಯುವ ಬದಲು ಆ ಸಮಯವನ್ನು ಫ್ರೆಂಚಿಗೆ ಕೊಡುವುದು ಲಾಭ. ಆದರೆ 7ನೇ ಮಟ್ಟ ಅಂದರೆ ಯುರೋಪಿನ ಭಾಷಾ ಅಳತೆಯಲ್ಲಿ (ಎ1, ಎ2, ಬಿ1, ಬಿ2, ಸಿ1, ಸಿ2) ಬಿ2. ಸಂಜೆಯ ಕೋರ್ಸು ಆರು ತಿಂಗಳಲ್ಲಿ ಮುಗಿಸಿ ಮುಟ್ಟುವಂಥದ್ದಲ್ಲ.

ಕಡತ ಬೀಳುವ ಜಾಗ ಅನುಭವ ಪತ್ರ. ಬೆಂಗಳೂರಿನ ಎಚ್‌ಆರ್ ವಿಭಾಗಗಳು ಕೊಡುವ ರಿಲೀವಿಂಗ್ ಲೆಟರ್‌ನಲ್ಲಿ ಸೇರಿದ ದಿನ, ಬಿಟ್ಟ ದಿನ, ಶುಭ ಹಾರೈಕೆ ಇಷ್ಟೇ ಇರುತ್ತದೆ. ಕೆನಡಾಕ್ಕೆ ಬೇಕಿರುವುದು ಕಂಪನಿಯ ಲೆಟರ್‌ಹೆಡ್ಡಿನಲ್ಲಿ ಹುದ್ದೆಯ ಹೆಸರು, ಮಾಡಿದ ಕೆಲಸಗಳ ವಿವರ, ವಾರಕ್ಕೆ ಎಷ್ಟು ಗಂಟೆ, ಸಂಬಳ, ಸಹಿ ಹಾಕಿದವರ ಹೆಸರು ಮತ್ತು ಸಂಪರ್ಕ. ಕೆಲಸಗಳ ವಿವರ ನೀವು ಆರಿಸಿದ ಎನ್‌ಒಸಿ (ಕೆನಡಾದ ಉದ್ಯೋಗ ಪಟ್ಟಿಯ) ಸಂಕೇತಕ್ಕೆ ಹೊಂದಬೇಕು, ಆದರೆ ಸರ್ಕಾರಿ ಪುಟದಿಂದ ಪದಶಃ ನಕಲು ಮಾಡಿದಂತೆ ಕಾಣಬಾರದು. ಕಂಪನಿ ಕೊಡಲೊಪ್ಪದಿದ್ದರೆ ಹಳೆಯ ಮ್ಯಾನೇಜರರ ಪ್ರಮಾಣಪತ್ರದ ಜತೆ ಪೇ ಸ್ಲಿಪ್, ಫಾರ್ಮ್ 16 ಇಟ್ಟು, ಏಕೆ ಸಿಗಲಿಲ್ಲ ಎಂದು ಒಂದು ವಿವರಣೆ ಬರೆಯಿರಿ. ಆಹ್ವಾನ ಬಂದ ಮೇಲೆ ಇರುವುದು 60 ದಿನ. ಹಿಂದೆ ಬಿಟ್ಟ ಕಂಪನಿಯಿಂದ ಆ ಅವಧಿಯಲ್ಲಿ ಪತ್ರ ತರಿಸುವುದು ಕಷ್ಟ, ಮೊದಲೇ ತೆಗೆದಿಟ್ಟುಕೊಳ್ಳಿ.

ಹಣದ ಪುರಾವೆ ಇನ್ನೊಂದು ಮುಳ್ಳು. ಒಬ್ಬರಿಗೆ ಸುಮಾರು 15,000 ಕೆನಡಾ ಡಾಲರ್ ತೋರಿಸಬೇಕು, ಪ್ರತಿ ವರ್ಷ ಮೊತ್ತ ಬದಲಾಗುತ್ತದೆ. ಬ್ಯಾಂಕಿನ ಪತ್ರದಲ್ಲಿ ಖಾತೆ ತೆರೆದ ದಿನ, ಇಂದಿನ ಬ್ಯಾಲೆನ್ಸ್, ಆರು ತಿಂಗಳ ಸರಾಸರಿ, ಇರುವ ಸಾಲ ಇಷ್ಟೂ ಇರಬೇಕು. ನಮ್ಮ ಶಾಖೆಗಳು ಕೊಡುವ ಒಂದು ಸಾಲಿನ ಬ್ಯಾಲೆನ್ಸ್ ಸರ್ಟಿಫಿಕೇಟ್ ನಡೆಯುವುದಿಲ್ಲ. ಸೈಟು, ಒಡವೆ ಲೆಕ್ಕಕ್ಕಿಲ್ಲ. ಅಪ್ಪ ಕಳೆದ ತಿಂಗಳು ಹಾಕಿದ ಹತ್ತು ಲಕ್ಷಕ್ಕೆ ದಾನಪತ್ರ ಬೇಕು, ಇಲ್ಲದಿದ್ದರೆ ಸಾಲ ತಂದು ತೋರಿಸಿದ್ದು ಎನ್ನುತ್ತಾರೆ.

ಆಸ್ಟ್ರೇಲಿಯಾ

ಕನಿಷ್ಠ 65 ಅಂಕ. 33 ವರ್ಷಕ್ಕೆ 25 (25ರಿಂದ 32ರೊಳಗಿದ್ದರೆ 30), ಪದವಿಗೆ 15, ಅವಿವಾಹಿತನಿಗೆ 10. ಇಂಗ್ಲಿಷಿನ ಎಲ್ಲ ವಿಭಾಗದಲ್ಲೂ 7 ಇದ್ದರೆ 10, ಎಲ್ಲದರಲ್ಲೂ 8 ಇದ್ದರೆ 20. ಅನುಭವದಲ್ಲಿ ಎಲ್ಲರೂ ಎಡವುತ್ತಾರೆ. 8 ವರ್ಷಕ್ಕೆ 15 ಎಂದು ಪಟ್ಟಿಯಲ್ಲಿರುವುದು ನಿಜ. ಆದರೆ ಐಟಿಯವರ ಅರ್ಹತೆ ಅಳೆಯುವ ಎಸಿಎಸ್ ಸಂಸ್ಥೆ, ಓದು ಮತ್ತು ಕೆಲಸ ಹತ್ತಿರದ್ದಾಗಿದ್ದರೂ ಮೊದಲ 2 ವರ್ಷ ಕಳೆಯುತ್ತದೆ, ದೂರದ್ದಾಗಿದ್ದರೆ 4 ವರ್ಷ. ಎಲೆಕ್ಟ್ರಾನಿಕ್ಸ್ ಓದಿ ಕೋಡ್ ಬರೆಯುವವರು ಪಠ್ಯಕ್ರಮ ತೆಗೆದು ಈ ಲೆಕ್ಕ ಮೊದಲೇ ನೋಡಬೇಕು. ನಮ್ಮವನ 8 ಇಳಿದು 6 ಆಯಿತು, ಸಿಕ್ಕಿದ್ದು 10. ಒಟ್ಟು 70. ಇಂಗ್ಲಿಷಿನಲ್ಲಿ 8 ತಂದರೆ 80. ಐಟಿ ಹುದ್ದೆಗಳಿಗೆ, ಯಾವ ರಾಜ್ಯದ ಕರೆಯೂ ಬೇಡದ 189ರಲ್ಲಿ, 85 ದಾಟದವರಿಗೆ ಕರೆ ಬರುವುದು ಅಪರೂಪ. ನರ್ಸ್, ಶಿಕ್ಷಕರು, ಬಡಗಿಗಳಿಗೆ ಇದಕ್ಕಿಂತ ಬಹಳ ಕಡಿಮೆ ಅಂಕದಲ್ಲೇ ಕರೆ ಹೋಗುತ್ತದೆ. ಅಲ್ಲಿನ ಸರ್ಕಾರಕ್ಕೆ ಕೊರತೆ ಇರುವುದು ಅವರದೇ.

190ರಲ್ಲಿ ರಾಜ್ಯ ಕರೆದರೆ 5 ಸೇರುತ್ತದೆ. 491ರಲ್ಲಿ ದೊಡ್ಡ ನಗರಗಳ ಹೊರಗಿನ ಪ್ರದೇಶಕ್ಕೆ ಹೋಗಲು ಒಪ್ಪಿದರೆ 15. 80ಕ್ಕೆ 15 ಸೇರಿದರೆ 95. ಹಾಗಾಗಿ ಐಟಿಯವರಿಗೆ ನಿಜವಾದ ದಾರಿ 491 ಎನ್ನಬೇಕು. ಅದು ಐದು ವರ್ಷದ ತಾತ್ಕಾಲಿಕ ವೀಸಾ. ಮೂರು ವರ್ಷ ಅಂಥ ಪ್ರದೇಶದಲ್ಲೇ ಇದ್ದು, ಅಲ್ಲೇ ದುಡಿದ ಮೇಲೆ ಕಾಯಂ ವಾಸಕ್ಕೆ ಅರ್ಜಿ. ಪರ್ತ್, ಅಡಿಲೇಡ್‌ಗಳೂ ಈ ಲೆಕ್ಕದಲ್ಲಿ ಒಳಗೇ ಬರುವುದರಿಂದ ಹೆದರುವಷ್ಟೇನಿಲ್ಲ.

ಸಿವಿಲ್, ಮೆಕ್ಯಾನಿಕಲ್‌ನವರಿಗೆ ಎಸಿಎಸ್ ಅಲ್ಲ, ಎಂಜಿನಿಯರ್ಸ್ ಆಸ್ಟ್ರೇಲಿಯಾ. ಬಹುಪಾಲು ಜನ ಮೂರು ಕೆಲಸದ ಪ್ರಸಂಗಗಳನ್ನು ತಲಾ 1,000ದಿಂದ 2,500 ಪದಗಳಲ್ಲಿ ಬರೆಯಬೇಕಾಗುತ್ತದೆ. "ನಮ್ಮ ತಂಡ ಸೇತುವೆ ಕಟ್ಟಿತು" ಎಂದರೆ ಅಂಕವಿಲ್ಲ. ತಳಪಾಯದ ಯಾವ ಲೆಕ್ಕ ನೀವು ಮಾಡಿದಿರಿ, ಯಾವ ತೊಡಕು ಬಂತು, ಯಾವ ನಿರ್ಧಾರ ನಿಮ್ಮದು, ಇದು ಬೇಕು. ದುಡ್ಡು ಕೊಟ್ಟು ಬರೆಸಿದ್ದು ನಕಲು ತಪಾಸಣೆಯಲ್ಲಿ ಸಿಕ್ಕಿಬಿದ್ದರೆ 12 ತಿಂಗಳ ನಿಷೇಧಕ್ಕೂ ಅವಕಾಶವಿದೆ.

ಮೂರರಲ್ಲಿ ದುಬಾರಿ ಇದೇ. 2025ರ ಜುಲೈಯಿಂದ ಮುಖ್ಯ ಅರ್ಜಿದಾರರಿಗೆ 4,910 ಆಸ್ಟ್ರೇಲಿಯಾ ಡಾಲರ್, ಸಂಗಾತಿಗೆ 2,455. ಸಾಲಿಗೆ ಸೇರಲು ಮೊದಲು ಸಲ್ಲಿಸುವ ಆಸಕ್ತಿ ಪತ್ರದಲ್ಲಿ ಹೇಳಿಕೊಂಡ ಅಂಕವನ್ನು ಆಮೇಲೆ ಸಾಬೀತು ಮಾಡಲಾಗದಿದ್ದರೆ ವೀಸಾ ತಿರಸ್ಕಾರ, ದುಡ್ಡು ವಾಪಸಿಲ್ಲ. ಎಸಿಎಸ್ ಕಳೆದ ವರ್ಷಗಳನ್ನೂ ಸೇರಿಸಿ ಅಂಕ ಹಾಕಿಕೊಂಡು ಹೀಗೆ ಕಳೆದುಕೊಂಡವರು ಬೇಕಾದಷ್ಟಿದ್ದಾರೆ.

ಜರ್ಮನಿ

ಬ್ಲೂ ಕಾರ್ಡಿಗೆ ಅಂಕವೇ ಇಲ್ಲ. ಮಾನ್ಯ ಪದವಿ, ಅದಕ್ಕೆ ತಕ್ಕ ಕೆಲಸ, ನಿಗದಿತ ಸಂಬಳ ಇದ್ದರೆ ಕೊಡಲೇಬೇಕು. 2025ರಲ್ಲಿ ಮಿತಿ ವರ್ಷಕ್ಕೆ 48,300 ಯೂರೊ ಇತ್ತು. ಐಟಿ, ಎಂಜಿನಿಯರಿಂಗ್‌ನಂಥ ಕೊರತೆಯ ಕೆಲಸಗಳಿಗೆ 43,759.80. ಪ್ರತಿ ಜನವರಿಗೆ ಏರುತ್ತದೆ. ನವೆಂಬರಿನಲ್ಲಿ ಮಿತಿಗೆ ಸರಿಯಾಗಿ ಆಫರ್ ಪಡೆದು ಜನವರಿಯಲ್ಲಿ ಅರ್ಜಿ ಹಾಕಿದರೆ ಕಡಿಮೆ ಬೀಳಬಹುದು, ಎರಡು ಸಾವಿರ ಯೂರೊ ಹೆಚ್ಚಿಗೆ ಕೇಳಿಕೊಳ್ಳಿ.

ಪದವಿಯ ಮಾನ್ಯತೆಗೆ ಅನಾಬಿನ್ ಎಂಬ ಉಚಿತ ದತ್ತಾಂಶ ನೋಡಬೇಕು. ಸಂಸ್ಥೆಗೆ ಎಚ್ ಪ್ಲಸ್ ಎಂಬ ಮಾನ್ಯತೆಯ ಗುರುತು ಇರಬೇಕು, ನಿಮ್ಮ ಪದವಿಯ ಹೆಸರೂ ಅಲ್ಲಿ ಸಮಾನ ಎಂದು ಇರಬೇಕು. ಎರಡೂ ಪುಟ ಮುದ್ರಿಸಿ ಕಡತಕ್ಕೆ ಸೇರಿಸಿ. ಕಾಲೇಜಿನ ಹೆಸರು ಹುಡುಕಿ ಸಿಗಲಿಲ್ಲ ಎಂದು ಕೈಚೆಲ್ಲುವವರಿದ್ದಾರೆ. ಪದವಿ ಕೊಟ್ಟ ವಿಶ್ವವಿದ್ಯಾಲಯದ ಹೆಸರು ಹಾಕಬೇಕು. ಸಿಗದಿದ್ದರೆ 208 ಯೂರೊ ಕಟ್ಟಿ ಜ಼ಡ್‌ಎಬಿ ಇಲಾಖೆಯಿಂದ ಹೋಲಿಕೆ ಪತ್ರ ತರಿಸಬಹುದು. ಪದವಿಯೇ ಇಲ್ಲದ ಐಟಿಯವರಿಗೂ, ಕಳೆದ 7 ವರ್ಷದಲ್ಲಿ 3 ವರ್ಷ ತಕ್ಕ ಮಟ್ಟದ ಅನುಭವ ಇದ್ದರೆ, ಬ್ಲೂ ಕಾರ್ಡ್ ಸಿಗುತ್ತದೆ. ಮಿಕ್ಕ ಎರಡು ದೇಶಗಳಲ್ಲಿ ಇಷ್ಟು ಉದಾರ ನಿಯಮ ಕಾಣುವುದಿಲ್ಲ.

ಆದರೆ ಕೆಲಸ ಮೊದಲು ಸಿಗಬೇಕಲ್ಲ. ಗೆರೆ ದಾಟುವುದು ಸುಲಭ, ಗೆರೆಯ ಹತ್ತಿರ ಹೋಗುವುದೇ ಕಷ್ಟ. ಬರ್ಲಿನ್, ಮ್ಯೂನಿಕ್ ಬಿಟ್ಟರೆ ಬರೀ ಇಂಗ್ಲಿಷಿನಲ್ಲಿ ನಡೆಯುವ ಕೆಲಸ ಕಡಿಮೆ. ಬಿ1 ಜರ್ಮನ್ ಇದ್ದವರಿಗೆ ಸಂದರ್ಶನದ ಕರೆ ಬರುವ ಕಂಪನಿಗಳೇ ಬೇರೆ. ಕಂಪನಿ ಒಪ್ಪಿದ ಮೇಲೆ ಅದೇ ಅಲ್ಲಿನ ವಿದೇಶಿಯರ ಕಚೇರಿಯಲ್ಲಿ 411 ಯೂರೊ ಕಟ್ಟಿ ತ್ವರಿತ ವಿಧಾನ ಆರಂಭಿಸಬಹುದು. ಸಣ್ಣ ಕಂಪನಿಗಳಿಗೆ ಈ ಸೌಲಭ್ಯ ಗೊತ್ತಿರುವುದಿಲ್ಲ, ನೀವೇ ಹೇಳಬೇಕು. ವೀಸಾ ಶುಲ್ಕ 75 ಯೂರೊ.

ಕೆಲಸ ಸಿಗದವರಿಗೆ 2024ರ ಜೂನ್ 1ರಿಂದ ಚಾನ್ಸೆನ್‌ಕಾರ್ಟೆ ಬಂದಿದೆ. ಒಂದು ವರ್ಷ ಅಲ್ಲೇ ಇದ್ದು ಕೆಲಸ ಹುಡುಕಬಹುದು. ಪದವಿಗೆ ಪೂರ್ಣ ಮಾನ್ಯತೆ ಇದ್ದರೆ ಅಂಕ ಬೇಕಿಲ್ಲ, ಇಲ್ಲದಿದ್ದರೆ 6 ಅಂಕ. ನಮ್ಮ ಅಭ್ಯರ್ಥಿಗೆ 35ರೊಳಗಿನ ವಯಸ್ಸಿಗೆ 2, ಏಳು ವರ್ಷದಲ್ಲಿ ಐದಕ್ಕಿಂತ ಹೆಚ್ಚು ಅನುಭವಕ್ಕೆ 3, ಸಿ1 ಇಂಗ್ಲಿಷಿಗೆ 1, ಕೊರತೆಯ ಕೆಲಸಕ್ಕೆ 1, ಒಟ್ಟು 7. ತೊಂದರೆ ಹಣದ್ದು. ತಿಂಗಳಿಗೆ 1,091 ಯೂರೊ ಲೆಕ್ಕದಲ್ಲಿ ವರ್ಷಕ್ಕೆ 13,092 ಯೂರೊ (2025ರ ದರ) ತಡೆಖಾತೆಯಲ್ಲಿ (ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಖಾತೆ) ಇಡಬೇಕು. ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಬೆಂಗಳೂರಿನ ಕೆಲಸ ಬಿಟ್ಟು, ಜರ್ಮನ್ ಬಾರದೆ, ಇದೊಂದನ್ನು ನೆಚ್ಚಿ ಹೋಗುವುದನ್ನು ನಾವಂತೂ ಯಾರಿಗೂ ಹೇಳುವುದಿಲ್ಲ.

ಕಾಯಂ ವಾಸ ಬ್ಲೂ ಕಾರ್ಡಿನವರಿಗೆ 27 ತಿಂಗಳಿಗೆ, ಬಿ1 ಭಾಷೆ ಇದ್ದರೆ 21 ತಿಂಗಳಿಗೆ. ಸಂಗಾತಿಗೆ ಭಾಷಾ ಪರೀಕ್ಷೆ ಬೇಕಿಲ್ಲ, ಬಂದ ದಿನದಿಂದಲೇ ಕೆಲಸ ಮಾಡಬಹುದು. ಕೆನಡಾ ಮತ್ತು 189, 190ರಲ್ಲಿ ಕಾಯಂ ವಾಸದ ಹಕ್ಕು ವಿಮಾನ ಇಳಿಯುವ ಮೊದಲೇ ಕೈಯಲ್ಲಿರುತ್ತದೆ, ಕೆಲಸ ಇರುವುದಿಲ್ಲ. ಜರ್ಮನಿಯಲ್ಲಿ ಕೆಲಸ ಇರುತ್ತದೆ, ಹಕ್ಕು ಆಮೇಲೆ ಬರುತ್ತದೆ, ನಡುವೆ ಕೆಲಸ ಹೋದರೆ ವಾಸದ ಪರವಾನಗಿಯೇ ಅಲುಗಾಡುತ್ತದೆ. ಊರಲ್ಲಿ ಸಾಲ ತೀರಿಸಬೇಕಾದವರಿಗೆ ಜರ್ಮನಿ ಮೇಲು, ಎಂಟು ತಿಂಗಳು ಕೆಲಸವಿಲ್ಲದೆ ತಡೆಯುವ ಉಳಿತಾಯ ಇದ್ದವರಿಗೆ ಮಿಕ್ಕೆರಡು.

ಹೆಸರಿನ ಗೋಳು

ನಮ್ಮ ಕಡೆಯವರಿಗೆ ಮೂರೂ ಕಡೆ ಕಾಡುವುದು ಇನಿಶಿಯಲ್. ಅಂಕಪಟ್ಟಿಯಲ್ಲಿ "ಮಂಜುನಾಥ ಎಚ್ ಎಂ", ಪಾಸ್‌ಪೋರ್ಟಿನಲ್ಲಿ ಊರು ಮತ್ತು ತಂದೆಯ ಹೆಸರು ಬಿಡಿಸಿ ಬರೆದಿರುತ್ತದೆ, ಸರ್‌ನೇಮ್ ಜಾಗ ಖಾಲಿ. ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ಎಲ್ಲ ಅರ್ಜಿ, ಭಾಷಾ ಪರೀಕ್ಷೆಗಳಲ್ಲಿ ಬರೆಯಿರಿ. ಕೆನಡಾದ ಅರ್ಜಿಯಲ್ಲಿ ಸರ್‌ನೇಮ್ ಇಲ್ಲದವರು ಇಡೀ ಹೆಸರನ್ನು ಸರ್‌ನೇಮ್ ಜಾಗದಲ್ಲಿ ಹಾಕಿ ಇನ್ನೊಂದನ್ನು ಖಾಲಿ ಬಿಡಬೇಕು. ಎರಡೂ ಹೆಸರು ಒಬ್ಬರದೇ ಎಂಬ ನೋಟರಿ ಪ್ರಮಾಣಪತ್ರ ಮೊದಲೇ ಮಾಡಿಸಿಡಿ.

ಯಾವ ದೇಶ ಎಂದು ತೀರ್ಮಾನವಾಗದಿದ್ದರೂ ಈಗಲೇ ಶುರು ಮಾಡಬಹುದಾದ ಕೆಲಸ ಎರಡು: ಅನುಭವ ಪತ್ರಗಳು ಮತ್ತು ವಿಶ್ವವಿದ್ಯಾಲಯದ ಟ್ರಾನ್ಸ್‌ಕ್ರಿಪ್ಟ್. ಕೆನಡಾದ ಪದವಿ ಮೌಲ್ಯಮಾಪನಕ್ಕೆ ಅದನ್ನು ವಿಶ್ವವಿದ್ಯಾಲಯವೇ ನೇರ ಕಳಿಸಬೇಕಾದ್ದರಿಂದ ತಡವಾಗುವುದು ಅಲ್ಲೇ. ಆ ಮೌಲ್ಯಮಾಪನ 5 ವರ್ಷ ನಡೆಯುತ್ತದೆ, ಬೇಗ ಮಾಡಿಸಿದರೆ ನಷ್ಟವಿಲ್ಲ. ಐಇಎಲ್‌ಟಿಎಸ್ ಫಲಿತಾಂಶ ಕೆನಡಾಕ್ಕೆ 2 ವರ್ಷ, ಆಸ್ಟ್ರೇಲಿಯಾಕ್ಕೆ 3 ವರ್ಷ. ಎಸಿಎಸ್ ಪತ್ರಕ್ಕೆ ಬರೀ 2 ವರ್ಷ, ಹಾಗಾಗಿ ಇಂಗ್ಲಿಷಿನ ನಾಲ್ಕೂ ವಿಭಾಗದಲ್ಲಿ 8 ಬರುವ ತನಕ ಅದಕ್ಕೆ ದುಡ್ಡು ಕಟ್ಟಬೇಡಿ.