ಬಾಡಿಗೆ ಮನೆಯ ಗೋಡೆಗೆ ಅಂಟುಪಟ್ಟಿಯೋ, ವಾಲ್‌ಪೇಪರೋ?

ಯಾವುದನ್ನೇ ಕೊಳ್ಳುವ ಮೊದಲು ಅಂಗೈಯಿಂದ ಗೋಡೆ ಉಜ್ಜಿ ನೋಡಿ. ಬಿಳಿ ಪುಡಿ ಕೈಗೆ ಹತ್ತಿದರೆ ಅಲ್ಲಿ ಯಾವ ಅಂಟೂ ಸರಿಯಾಗಿ ನಿಲ್ಲುವುದಿಲ್ಲ. ನಿಂತರೂ ಕೀಳುವಾಗ ಬಣ್ಣದ ಹಕ್ಕಳೆ ಜೊತೆಗೇ ಬರುತ್ತದೆ.

ನುಣುಪಾದ, ಗಟ್ಟಿ ಪೇಂಟ್ ಇದ್ದರೆ ಫೋಟೊ ಫ್ರೇಮಿಗೆ ಎಳೆದು ತೆಗೆಯುವ ಅಂಟುಪಟ್ಟಿಯೇ ನನ್ನ ಆಯ್ಕೆ. ಗುಟ್ಟಿರುವುದು ತೆಗೆಯುವುದರಲ್ಲಿ. ಪಟ್ಟಿಯ ಬಾಲವನ್ನು ಗೋಡೆಗೆ ಒತ್ತಿಕೊಂಡಂತೆಯೇ ನೇರ ಕೆಳಕ್ಕೆ, ನಿಧಾನವಾಗಿ ಎಳೆಯಬೇಕು. ಅದು ರಬ್ಬರಿನಂತೆ ಹಿಗ್ಗುತ್ತಾ ಹೋಗಿ ತಾನಾಗಿ ಬಿಟ್ಟುಕೊಳ್ಳುತ್ತದೆ. ನಿಮ್ಮ ಕಡೆಗೆ ಎಳೆದಿರೋ, ಬಣ್ಣ ಕಿತ್ತು ಬರಬಹುದು. ಪೊಟ್ಟಣದ ಮೇಲಿನ ತೂಕದ ಮಿತಿ ಮೀರಬೇಡಿ. ಮಂಚದ ತಲೆದೆಸೆಗೆ ಗಾಜಿನ ಫ್ರೇಮಂತೂ ಬೇಡವೇ ಬೇಡ. ಮಾಮೂಲಿ ಫೋಮ್ ಟೇಪ್ ಅಗ್ಗವೆಂದು ಆಸೆಪಡಬೇಡಿ, ಅದರ ಕಲೆ ಉಳಿದುಬಿಡುತ್ತದೆ.

ಸುಲಿದು ತೆಗೆಯಬಹುದಾದ ವಾಲ್‌ಪೇಪರ್ ಇಡೀ ಕೋಣೆಯ ಕಳೆಯನ್ನೇ ಬದಲಿಸುತ್ತದೆ; ಆ ಚೆಂದಕ್ಕೆ ಅಂಟುಪಟ್ಟಿ ಸಾಟಿಯಲ್ಲ. ಆದರೆ ಖರ್ಚೂ ಶ್ರಮವೂ ಹೆಚ್ಚು, ತೇವದ ಗೋಡೆಯಲ್ಲಿ ಅಂಚು ಸುರುಳಿಯಾಗುತ್ತದೆ, ಹಿಂದೆ ಬೂಷ್ಟು ಕಟ್ಟುತ್ತದೆ. ಬೀರುವಿನ ಹಿಂದೆ ಒಂದು ತುಂಡು ಅಂಟಿಸಿ, ವಾರ ಬಿಟ್ಟು ಸುಲಿದು ನೋಡಿ. ಬಣ್ಣ ಉಳಿದರೆ ಮುಂದುವರಿಯಿರಿ.

ಪುಡಿ ಉದುರುವ ಗೋಡೆಯವರು ಎರಡನ್ನೂ ಬಿಟ್ಟು, ದೊಡ್ಡದೊಂದು ಚಿತ್ರವನ್ನು ಮೇಜಿನ ಮೇಲೆ ಗೋಡೆಗೆ ಒರಗಿಸಿಡಿ. ಕೆಳಗೆ ಜಾರದಂತೆ ರಬ್ಬರ್ ತುಂಡು ಕೊಟ್ಟರಾಯಿತು.