ದುಡ್ಡು ಕೊಟ್ಟ ಆಪೆರಾ, ಪುಕ್ಕಟೆ ರೇಡಿಯೋ

ಮೊದಲೇ ಹೇಳಿಬಿಡುತ್ತೇನೆ, ಮಳೆಗಾಲದಲ್ಲಿ ಸಂಗೀತ ಕೇಳಲು ನಾನು ಹುಡುಕಿದ ದಾರಿಗಳಲ್ಲಿ ಗೆದ್ದದ್ದು ರೇಡಿಯೋ. ಇದು ಗೊತ್ತಾಗಿದ್ದು ದುಡ್ಡು ಕಟ್ಟಿ, ಮೂರು ತಿಂಗಳು ಒಬ್ಬನೇ ಗೊಣಗಿಕೊಂಡ ಮೇಲೆ.

ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿ ಕಛೇರಿಗಳು ಮುಗಿದರೆ ನನಗೆ ಪ್ರತಿವರ್ಷ ಮನೆ ಖಾಲಿಯಾದ ಹಾಗೆ. 1939ರಲ್ಲಿ ಶುರುವಾದ ಆ ಉತ್ಸವ ವಾರಗಟ್ಟಲೆ ಸಂಜೆಗಳನ್ನು ತುಂಬಿಸಿ, ಆಮೇಲೆ ಒಮ್ಮೆಲೇ ಪೆಂಡಾಲು ಬಿಚ್ಚಿ ಹೋಗಿಬಿಡುತ್ತದೆ. ಹಿಂದೆಯೇ ಮಳೆ, ಆಷಾಢದ ಗಾಳಿ. ಆಪೆರಾದ, ಅಂದರೆ ಕಥೆಯನ್ನೆಲ್ಲ ಹಾಡಿಯೇ ಆಡುವ ಪಾಶ್ಚಾತ್ಯ ಸಂಗೀತ ನಾಟಕದ, ಹುಚ್ಚು ಹತ್ತಿದ್ದು ಅಂಥದ್ದೇ ಒಂದು ಜೂನ್‌ನಲ್ಲಿ. ಗ್ರಹಚಾರಕ್ಕೆ ಯುರೋಪಿನ ಆಪೆರಾದವರಿಗೂ ಆಗಲೇ ಬೇಸಿಗೆ ರಜೆ. ವಿಯೆನ್ನಾದ ಸ್ಟೇಟ್ ಆಪೆರಾದಂಥದ್ದೇ ಜುಲೈ, ಆಗಸ್ಟ್ ಎರಡು ತಿಂಗಳು ಬಾಗಿಲು ಹಾಕುತ್ತದೆ. ಇಲ್ಲಿ ಕಛೇರಿ ಕಡಿಮೆ, ಅಲ್ಲಿ ರಜೆ. ಈ ಸಂದಿಯಲ್ಲಿ ಏನು ಕೇಳೋದು ಅಂತ ಹುಡುಕಿದ ಕಥೆ ಇದು.

ಮೊದಲು ಕೈ ಹಾಕಿದ್ದು ಒಂದು ವಿದೇಶಿ ವಿಡಿಯೋ ಸೇವೆಗೆ. ಹೆಸರು ಬೇಡ. ತಿಂಗಳಿಗೆ ಸಾವಿರದ ಇನ್ನೂರರ ಆಸುಪಾಸು. ಚಿತ್ರ, ಧ್ವನಿ, ಸಂಗ್ರಹ ಯಾವುದಕ್ಕೂ ಹೆಸರಿಡುವಂತಿಲ್ಲ. ತೊಂದರೆ ಇದ್ದದ್ದು ದುಡ್ಡು ಕಟ್ಟುವುದರಲ್ಲಿ. ತಗೊಳ್ಳಿ ಅಂತ ನಾನು ನೀಡಿದರೂ ಅವರ ಕೈಗೆ ಅದು ತಲುಪುತ್ತಿರಲಿಲ್ಲ!

ಮೊದಲ ತಿಂಗಳು ಕಾರ್ಡಿನಲ್ಲಿ ವಿದೇಶಿ ವ್ಯವಹಾರ ಆನ್ ಮಾಡಿ, ಓಟಿಪಿ ಹಾಕಿ, ಹೇಗೋ ದಾಟಿಸಿದೆ. ಎರಡನೇ ತಿಂಗಳು ಒಂದು ಶನಿವಾರ ರಾತ್ರಿ, ಎರಡನೇ ಅಂಕದ ನಡುವೆ, ನಾಯಕಿ ಬಾಯಿ ತೆರೆದವಳು ತೆರೆದೇ ನಿಂತಳು. ಅವಳ ಮುಖದ ಮೇಲೆ ಒಂದು ಬೂದು ಚಕ್ರ ಸುತ್ತಿ ಸುತ್ತಿ, ಕೊನೆಗೆ 'ನಿಮ್ಮ ಪಾವತಿ ವಿಫಲವಾಗಿದೆ' ಎಂಬ ಸಂದೇಶ. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ, ಕಾರ್ಡಿನಿಂದ ತಿಂಗಳು ತಿಂಗಳು ತಾನಾಗಿ ದುಡ್ಡು ಕಡಿತವಾಗಬೇಕಾದರೆ ಮೊದಲೇ ಇ-ಮ್ಯಾಂಡೇಟ್, ಅಂದರೆ ಕಡಿತಕ್ಕೆ ನಮ್ಮ ಒಪ್ಪಿಗೆ, ನೋಂದಾಯಿಸಿರಬೇಕು. ನಿಯಮ ಒಳ್ಳೆಯದೇ, ನನ್ನ ಅಪ್ಪನ ಕಾರ್ಡನ್ನು ಎಷ್ಟೋ ಅಡ್ಡಕಸುಬಿ ಆ್ಯಪ್‌ಗಳಿಂದ ಉಳಿಸಿದೆ. ಆದರೆ ಈ ಸೇವೆಯಲ್ಲಿ ಆ ನೋಂದಣಿಗೆ ಜಾಗವೇ ಇರಲಿಲ್ಲ.

ಬ್ಯಾಂಕಿಗೆ ಫೋನ್ ಮಾಡಿದರೆ 'ಸರ್, ಅದು ಮರ್ಚೆಂಟ್ ಕಡೆಯ ಸಮಸ್ಯೆ'. ಮರ್ಚೆಂಟ್‌ಗೆ ಇಮೇಲ್ ಮಾಡಿದರೆ 'ನಿಮ್ಮ ಬ್ಯಾಂಕನ್ನು ಸಂಪರ್ಕಿಸಿ'. ಈ ಪಿಂಗ್‌ಪಾಂಗ್ ಹನ್ನೊಂದು ದಿನ. ಖಾತೆ ಅಳಿಸಿ, ಹೊಸ ಇಮೇಲ್‌ನಿಂದ ಮತ್ತೆ ಚಂದಾದಾರನಾದೆ. ಮೂರನೇ ತಿಂಗಳು ಮತ್ತದೇ ಚಕ್ರ. ವರ್ಷದ ಚಂದಾ ಒಂದೇ ಸಲ ಕಟ್ಟಿಬಿಡೋಣ ಅಂತ ಲೆಕ್ಕ ಹಾಕಿದೆ: ನನ್ನ ಕಾರ್ಡಿಗೆ 3.5% ಫಾರೆಕ್ಸ್ ಮಾರ್ಕಪ್ (ವಿದೇಶಿ ಪಾವತಿಗೆ ಬ್ಯಾಂಕ್ ಹಾಕುವ ಹೆಚ್ಚುವರಿ ಶುಲ್ಕ), ಆ ಮಾರ್ಕಪ್ ಮೇಲೆ 18% ಜಿಎಸ್‌ಟಿ. ಆಪೆರಾ ನೋಡೋಕೆ ಹೋಗಿ ಬಡ್ಡಿ ಲೆಕ್ಕ ಕಲಿತೆ. ಅಲ್ಲಿಗೆ ಬಿಟ್ಟೆ.

ಪುಕ್ಕಟೆ ವಿಡಿಯೋ ಬೇಕಾದವರಿಗೆ ಆಪೆರಾವಿಷನ್ ಇದೆ, ಯುರೋಪಿನ ಬೇರೆ ಬೇರೆ ಆಪೆರಾ ಮನೆಗಳ ಪ್ರದರ್ಶನಗಳು, ಸಬ್‌ಟೈಟಲ್ ಸಮೇತ. ಒಂದೊಂದು ಕೆಲವು ತಿಂಗಳು ಇದ್ದು ಹೋಗುತ್ತದೆ, ನೋಡೋದಿದ್ದರೆ ಮುಂದೂಡಬೇಡಿ. ನನ್ನ ಕಷ್ಟ ಬೇರೆ. ಸಬ್‌ಟೈಟಲ್ ಓದುತ್ತಾ ಕೂತರೆ ಕಿವಿ ಮುಚ್ಚಿಹೋಗುತ್ತದೆ.

ರೇಡಿಯೋದಲ್ಲಿ ನೇರ ಪ್ರಸಾರವಾಗುವ ಪ್ರಾಮ್ಸ್, ಅಂದರೆ ಲಂಡನ್ನಿನ ಬೇಸಿಗೆ ಸಂಗೀತ ಉತ್ಸವದ ಕಛೇರಿಗಳು, ಸಾಮಾನ್ಯವಾಗಿ ಅಲ್ಲಿನ ಸಂಜೆ 7:30ಕ್ಕೆ. ಅಂದರೆ ನಮಗೆ ನಡುರಾತ್ರಿ 12. ಒಂದು ಸಲ ಪ್ರಯತ್ನಿಸಿ, ಮಾರನೇ ದಿನ ಆಫೀಸ್ ಮೀಟಿಂಗಿನಲ್ಲಿ ತೂಕಡಿಸಿ, ಕೈಬಿಟ್ಟೆ.

ಗಾಯನ ಸಮಾಜಕ್ಕೋ ಚೌಡಯ್ಯ ಸ್ಮಾರಕ ಭವನಕ್ಕೋ ಹೋಗಿ ಎದುರಿಗೇ ಕೂತು ಕೇಳುವ ಸುಖಕ್ಕೆ ಸಾಟಿಯಿಲ್ಲ, ವಾದವೇ ಇಲ್ಲ. ಆದರೆ ಕಛೇರಿ 6ಕ್ಕೆ, ನಾನು ಸಿಲ್ಕ್ ಬೋರ್ಡ್‌ನ ಟ್ರಾಫಿಕ್ ದಾಟುವುದು 7:15ಕ್ಕೆ. ತನಿ ಆವರ್ತನಕ್ಕೆ, ಅಂದರೆ ಮೃದಂಗದವರ ಸರದಿಗೆ, ಸರಿಯಾಗಿ ತಲುಪಿ, ಕ್ಯಾಂಟೀನಿಗೆ ಏಳುವವರಿಗೆ ದಾರಿ ಬಿಡುವುದೇ ಆಗುತ್ತದೆ.

ಈಗ ನನ್ನ ಮೆಚ್ಚಿನದು. ಜರ್ಮನಿಯ ಬೈರಾಯ್ಟ್ ಉತ್ಸವ ಜುಲೈ ಕೊನೆಯಿಂದ ಆಗಸ್ಟ್‌ವರೆಗೆ ನಡೆಯುತ್ತದೆ, ಆಪೆರಾಗಳೆಲ್ಲ ವಾಗ್ನರ್ ಎಂಬ ಜರ್ಮನ್ ಸಂಗೀತಕಾರನವೇ. ಬವೇರಿಯಾದ ಬಿಆರ್ ಕ್ಲಾಸಿಕ್ ರೇಡಿಯೋ ಮೊದಲ ಪ್ರದರ್ಶನಗಳನ್ನು ನೇರವಾಗಿ ಬಿತ್ತರಿಸುತ್ತದೆ, ಇಂಟರ್ನೆಟ್‌ನಲ್ಲಿ ಪುಕ್ಕಟೆ. ಅಲ್ಲಿ ಆಟ ಸಾಮಾನ್ಯವಾಗಿ ಶುರುವಾಗುವುದು ಮಧ್ಯಾಹ್ನ 4ಕ್ಕೆ, ನಮಗೆ ಸಂಜೆ 7:30! ಅಂಕ ಅಂಕದ ನಡುವೆ ಒಂದೊಂದು ಗಂಟೆ ವಿರಾಮ. ಈ ವೇಳಾಪಟ್ಟಿಯನ್ನು ನನ್ನ ಅಡುಗೆಮನೆ ನೋಡಿಯೇ ಮಾಡಿದ್ದಾರೋ ಎನ್ನುವ ಹಾಗಿದೆ. ಮೊದಲ ಅಂಕಕ್ಕೆ ಹುರುಳಿಕಾಯಿ ಹೆಚ್ಚುವುದು, ತೆಂಗಿನಕಾಯಿ ತುರಿಯುವುದು, ಸದ್ದಿಲ್ಲದ ಕೆಲಸ ಮಾತ್ರ. ಕುಕ್ಕರ್ ಕೂಗಿಸುವುದು ವಿರಾಮಕ್ಕೇ. ಎರಡನೇ ಅಂಕದ ಹೊತ್ತಿಗೆ ಊಟ ಮುಗಿದು ಪಾತ್ರೆ ಒಣಗುತ್ತಿರುತ್ತದೆ. ಮೂರನೇ ಅಂಕಕ್ಕೆ 12 ದಾಟುವುದುಂಟು, ನಿಜ. ಆದರೆ ಶುರುವಾಗುವುದೇ 12ಕ್ಕೆ ಅನ್ನುವುದಕ್ಕೂ, ಹೊಟ್ಟೆ ತುಂಬಿದ ಮೇಲೆ ಹಾಸಿಗೆಯಲ್ಲಿ ಇಯರ್‌ಫೋನ್ ಹಾಕಿಕೊಂಡು ಮುಗಿಸುವುದಕ್ಕೂ ವ್ಯತ್ಯಾಸವಿದೆ.

ನೋಡದೆ ಆಪೆರಾ ಹೇಗೆ ಅಂತ ಕೇಳುವವರಿಗೆ: ವಾಗ್ನರ್ 1876ರಲ್ಲಿ ತೆರೆದ ಬೈರಾಯ್ಟ್‌ನ ರಂಗಮಂದಿರದಲ್ಲಿ ವಾದ್ಯವೃಂದವನ್ನು ವೇದಿಕೆಯ ಅಡಿಯ ಗುಂಡಿಯಲ್ಲಿ ಮರೆಮಾಡಿ ಕೂರಿಸುತ್ತಾರೆ. ಟಿಕೆಟ್ ಕೊಂಡವನಿಗೂ ಪಿಟೀಲು ಕಾಣುವುದಿಲ್ಲ. ಇನ್ನು ಕಥೆಯನ್ನು ಮಧ್ಯಾಹ್ನವೇ ಓದಿಕೊಂಡಿರುತ್ತೇನೆ. ಯಕ್ಷಗಾನಕ್ಕೆ ಹೋಗುವವರು ಪ್ರಸಂಗ ಗೊತ್ತಿದ್ದೇ ಹೋಗುವುದಿಲ್ಲವೇ? ನಿರೂಪಕರ ಜರ್ಮನ್ ಒಂದಕ್ಷರ ಅರ್ಥವಾಗುವುದಿಲ್ಲ, ಹೆಸರುಗಳಷ್ಟೇ ಕಿವಿಗೆ ಬೀಳುತ್ತವೆ. ಬೇಜಾರೇನಿಲ್ಲ.

ಕಳೆದ ಸಲ ಮಳೆಗೆ ಕರೆಂಟ್ ಹೋಯಿತು, ವೈಫೈ ಸತ್ತಿತು. ಮೊಬೈಲ್ ಡೇಟಾದಲ್ಲಿ ಹಾಡು ಮುಂದುವರಿಯಿತು. ಪ್ರಸಾರ 128 ಕೆಬಿಪಿಎಸ್ ವೇಗದ್ದಾದರೆ ಗಂಟೆಗೆ 60 ಎಂಬಿಯೂ ಖರ್ಚಾಗದು. ಕತ್ತಲಲ್ಲಿ ಗ್ಯಾಸ್ ಒಲೆಯ ನೀಲಿ ಉರಿ, ಹೊರಗೆ ಗುಡುಗು, ಒಳಗೆ ಕಹಳೆಗಳು. ಎದುರುಮನೆಯವರು ಟಾರ್ಚ್ ಹಿಡಿದು ಬಂದು 'ನಿಮ್ಮಲ್ಲಿ ಕರೆಂಟ್ ಇದೆಯಾ' ಅಂತ ಕೇಳಿ ಹೋದರು.

ಒಂದು ಕೊರತೆ ಇದೆ: ನೇರ ಪ್ರಸಾರದ ಸಂಜೆಗಳು ಕೆಲವೇ. ಮಿಕ್ಕ ಆಗಸ್ಟ್‌ಗೆ ಆಪೆರಾವಿಷನ್ನೇ ಗತಿ. ದೊಡ್ಡ ಟಿವಿ ಇದ್ದು, ಸಂಜೆ ಸೋಫಾದ ಮೇಲೆ ಕೂರುವ ಅಭ್ಯಾಸ ಇರುವವರು ಅದರಿಂದಲೇ ಶುರುಮಾಡಲಿ. ನನ್ನಂತೆ ನಿಂತು ಕೇಳುವವರಿಗೆ, ರೇಡಿಯೋ ಚಟವನ್ನು ಎಫ್‌ಎಂ 100.1ರ ಶಾಸ್ತ್ರೀಯ ಸಂಗೀತ ವಾಹಿನಿ ಅಮೃತವರ್ಷಿಣಿಯಿಂದ ಹತ್ತಿಸಿಕೊಂಡವರಿಗೆ, ಬೈರಾಯ್ಟ್. ಚಂದಾ ಬಿಟ್ಟು ಉಳಿದ ದುಡ್ಡಲ್ಲಿ ಒಂದು ವೈರಿನ ಸ್ಪೀಕರ್ ಕೊಂಡೆ, 1,800 ರೂಪಾಯಿ. ಅಕ್ಕಿ ಡಬ್ಬದ ಮೇಲೆ ಇಟ್ಟಿದ್ದೇನೆ. ಡಬ್ಬ ತುಂಬಿದ್ದಾಗ ಮಂದ್ರ ಚೆನ್ನಾಗಿ ಕೇಳುತ್ತದೆ, ಖಾಲಿಯಾಗುತ್ತಾ ಬಂದರೆ ಗುಂಯ್ ಅನ್ನುತ್ತದೆ. ಜುಲೈ 20ರೊಳಗೆ ಅಕ್ಕಿ ತರಿಸಬೇಕು.